ಹಿಡಿಕೆ, ಚಕ್ರ ಹಾಗೂ 'ಎಡ' ಎಂಬ ಪದದ ಹಿಂಪಡೆತ

ಸಂಖ್ಯೆ: ಸ.ದೋ/ತಿರುವು/ಹಿ-ಚ/31/2011-12
ಸ್ಥಳ: ಕುಂದಾಪುರ

ವಿಷಯ: ಕುಂದಾಪುರ, ಬೈಂದೂರು, ಬ್ರಹ್ಮಾವರ ವಲಯಗಳ ಸಣ್ಣ ಮೀನುದೋಣಿಗಳನ್ನು ಇಂಜಿನ್ನಿನ ಹಿಡಿಕೆಯಿಂದ ತಿರುಗಿಸಬೇಕೇ, ದೋಣಿಯ ನಡುವೆ ಕಂಬ ನಿಲ್ಲಿಸಿ ಸ್ಟಿಯರಿಂಗ್ ಚಕ್ರದಿಂದ ತಿರುಗಿಸಬೇಕೇ ಎಂಬ ಬಗ್ಗೆ, ಹಾಗೂ ಹಂಗಾರಕಟ್ಟೆಯ ಶ್ರೀ ಬಚ್ಚ ರವರ ಎಡ ಭುಜದ ಬಗ್ಗೆ.

ಉಲ್ಲೇಖ:
(1) ಈ ಕಚೇರಿಯ 1997ರ ಸುತ್ತೋಲೆ (ದಕ್ಷಿಣ, ಉತ್ತರಗಳಿಗೆ ಬಳಸುವ 'ತೆಂಕು', 'ಬಡಗು' ಪದಗಳ ನಿಷೇಧ).
(2) ಶ್ರೀ ಬಚ್ಚ ರವರ ಮೌಖಿಕ ಕೋರಿಕೆ.
(3) ಅವರ ಪತ್ನಿ ಶ್ರೀಮತಿ ಜಲಜ ರವರು ಕಚೇರಿಯ ಮೆಟ್ಟಿಲ ಮೇಲೆ ನಿಂತು ಆಡಿದ ಮಾತು.
(4) ಕೆಸರು.

ಮೇಲ್ಕಂಡ ವಿಷಯವನ್ನು ಇಲಾಖೆಯು ಕೂಲಂಕಷವಾಗಿ, ಒಂದು ಭಾಗವನ್ನು ಒದ್ದೆಯಾಗಿಯೂ, ಪರಿಶೀಲಿಸಿದೆ. ಸಂಬಂಧಪಟ್ಟವರೆಲ್ಲರೂ ಕೆಳಗಿನ ಅಂಶಗಳನ್ನು ಓದಿಕೊಳ್ಳತಕ್ಕದ್ದು. ಓದಲು ಬಾರದವರು ಓದಿದವರ ಮುಖ ನೋಡಿ ತಿಳಿದುಕೊಳ್ಳತಕ್ಕದ್ದು.

1. ಶ್ರೀ ಬಚ್ಚ ರವರು ತಮ್ಮ ಹೆಸರಿನಲ್ಲಿರುವ ದೋಣಿಯ ಹಿಂತುದಿಯಲ್ಲಿ ಕುಳಿತು, ಎಡಗೈಯಲ್ಲಿ ಇಂಜಿನ್ನಿನ ಹಿಡಿಕೆ ಹಿಡಿದು ದೋಣಿ ನಡೆಸುತ್ತಾ ಬಂದವರು. ಆ ಹಿಡಿಕೆಯನ್ನು ಅವರು ಬೇರಾರಿಗೂ ಮುಟ್ಟಗೊಟ್ಟವರಲ್ಲ. ನಡುವೆ ಬಲೆ ರಾಶಿ ಬಿದ್ದಾಗ ಅವರಿಗೆ ಮುಂದಿನದೇನೂ ಕಾಣುವುದಿಲ್ಲ. ಆದ್ದರಿಂದ ಅವರ ಅಣ್ಣ ಶ್ರೀ ಸೋಮ ರವರು ಮುಂತುದಿಯಲ್ಲಿ ನಿಂತು ನೀರು ನೋಡುತ್ತಾರೆ. ನದಿ ಕಡಲು ಸೇರುವ ಅಳಿವೆಯಲ್ಲಿ ಮರಳ ದಿಬ್ಬ ದಿನಕ್ಕೊಂದು ಕಡೆ ಇರುವುದರಿಂದ, ಅಣ್ಣ ಕೂಗಿದ ಕಡೆ ತಮ್ಮ ತಿರುಗಿಸುವುದು ಪದ್ಧತಿ. ಇಂಜಿನ್ನಿನ ಸದ್ದಿಗೆ ಮಾತು ಕೇಳದ ಕಾರಣ ಸೋಮ ರವರು ಹಿಂದಕ್ಕೆ, ಅಂದರೆ ತಮ್ಮನ ಮುಖಕ್ಕೆ, ತಿರುಗಿ ಕೂಗುತ್ತಾರೆ. ಈ ಕೊನೆಯ ವಾಕ್ಯದ ಮಹತ್ವವು ಇಲಾಖೆಗೆ ತಡವಾಗಿ ಮನವರಿಕೆಯಾಗಿದೆ.

2. ಹಿಡಿಕೆಯ ನಡುಕದಿಂದ ಬಚ್ಚ ರವರ ಎಡ ಭುಜವು ಕೆಟ್ಟಿದ್ದು, ಹಿಡಿಕೆ ಬಿಡದಿದ್ದರೆ ಕೈಯೇ ಏಳದು ಎಂದು ವೈದ್ಯರು ತಿಳಿಸಿರುತ್ತಾರೆ. ಈ ಬಗ್ಗೆ ಶ್ರೀಮತಿ ಜಲಜ ರವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

"ಹ್ವಾಯ್ ಸಾಯ್ಬ್ರೆ, ಇವ್ರಿಗೆ ಅಂಗಿ ಹಾಕುಕೆ ಈಗ ನಾನೇ ಬೇಕ್. ಇನ್ನ್ ಸ್ವಲ್ಪ ದಿನ ಹೋದ್ರೆ ಮಳೆಗಾಲದಗೆ ಇಂಜಿನ್ ಬಿಚ್ಚಿ ಮೂಲಿಗ್ ಇಡುವಾಗ ಕೈಯೂ ಬಿಚ್ಚಿ ಇಡೂದೇ. ಚಕ್ರ ಕೊಡ್ತ್ರಿಯೋ, ಇಲ್ಯೋ?"

ಚಕ್ರ ಕೊಡಬಹುದೆಂದು ಇಲಾಖೆಯು ಅಲ್ಲಿಯೇ ತೀರ್ಮಾನಿಸಿತು.

3. ಆದರೆ ಚಕ್ರದ ನಿಯಮಾವಳಿಯ ಪ್ರಕಾರ, ಚಕ್ರ ಹಿಡಿದವರು ನಡುವೆ ನಿಂತಿರುತ್ತಾರೆ. ನಿಂತವರಿಗೆ ಮುಂದಿನದು ಕಾಣುತ್ತದೆ. ಕಾಣುವವರಿಗೆ ಕೂಗುವವರು ಬೇಕಾಗಿಲ್ಲ. ಆದ್ದರಿಂದ ಚಕ್ರದ ದೋಣಿಯಲ್ಲಿ ಮುಂತುದಿಯ ಸ್ಥಾನವನ್ನು ರದ್ದುಪಡಿಸಲಾಗಿದೆ. ಸೋಮ ರವರು ದಡದಲ್ಲಿ ಉಳಿಯತಕ್ಕದ್ದು. ತಮಗೆ ದಡದಲ್ಲಿ ನಿಂತರೆ ನೆಲ ಅಲ್ಲಾಡದಿರುವ ಕಾರಣ ತಲೆ ಸುತ್ತುತ್ತದೆ ಎಂಬ ಅವರ ಆಕ್ಷೇಪಣೆಯನ್ನು ಸ್ವೀಕರಿಸಿ, ಕಡತದಲ್ಲಿಟ್ಟು, ಕಡತವನ್ನು ಕಟ್ಟಲಾಗಿದೆ.

ಇದನ್ನು ತಿಳಿಸಿದಾಗ ಬಚ್ಚ ರವರು ತಮ್ಮ ಭುಜವನ್ನು ತಿಕ್ಕಿಕೊಂಡರು. ನಂತರ, "ಭುಜವೂ ನಂದ್, ಅಣ್ಣನೂ ನಂದ್. ಒಂದ್ ಉಳ್ಸುಕೆ ಇನ್ನೊಂದ್ ಬಿಡ್ ಅಂದ್ರೆ ಎಂತ ಲೆಕ್ಕ ಇದ್?" ಎಂದು ಕೇಳಿದರು. ಈ ಪ್ರಶ್ನೆಗೆ ನಮೂನೆಯಲ್ಲಿ ಕಾಲಂ ಇಲ್ಲದ ಕಾರಣ ಉತ್ತರಿಸಲಾಗಿಲ್ಲ.

4. ಅಣ್ಣನಿಲ್ಲದೆ ಅಳಿವೆ ದಾಟುವುದಿಲ್ಲವೆಂದು ಬಚ್ಚ ರವರು ಪಟ್ಟು ಹಿಡಿದ ಕಾರಣ, ಇಲಾಖೆಯ ಚಕ್ರದ ದೋಣಿಯ ಪರೀಕ್ಷಾರ್ಥ ಸಂಚಾರಕ್ಕೆ ಮಾತ್ರ ಸೋಮ ರವರನ್ನು ಮುಂತುದಿಯಲ್ಲಿ ನಿಲ್ಲಲು ಬಿಡಲಾಯಿತು. ಮೇಲ್ವಿಚಾರಕ ಶ್ರೀ ರಾಜೇಂದ್ರ ರವರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಹಾಜರಿದ್ದರು. ಅಳಿವೆ ದಾಟಿ ಒಳಬರುವಾಗ ಸೋಮ ರವರು ಹಿಂದಕ್ಕೆ ತಿರುಗಿ "ಎಡ! ಎಡ!" ಎಂದು ಕೂಗಿದರು. ಬಚ್ಚ ರವರು ಚಕ್ರವನ್ನು ಎಡಕ್ಕೆ ತಿರುಗಿಸಿದರು. ದೋಣಿಯು ಆಜ್ಞಾನುಸಾರ ಎಡಕ್ಕೆ ಹೋಗಿ ಕೆಸರಿನ ದಿಬ್ಬವನ್ನು ಏರಿತು. ರಾಜೇಂದ್ರ ರವರು ದೋಣಿಗಿಂತ ಸ್ವಲ್ಪ ಮುಂದೆ ಹೋದರು. ಆಗ ನಡೆದ ಮಾತುಕತೆ:

ಸೋಮ: "ಎಡ ಅಂತ ಕೂಗಿದ್ದಲ್ದಾ ನಾನ್?"

ಬಚ್ಚ: "ಎಡಕ್ಕೇ ತಿರ್ಗ್ಸಿದ್ದಲ್ದಾ ಅಣ್ಣ!"

ಸೋಮ: "ಯಾರ್ ಎಡಕ್ಕೆ?"

ಬಚ್ಚ: "ಎಡಕ್ಕೂ ಮಾಲಕ್ರ್ ಇರ್ತ್ರಾ? ಎಡ ಅಂದ್ರ್ ಎಡ!"

ಸೋಮ: "ಇಷ್ಟ್ ವರ್ಷ ಸಮಾ ತಿರ್ಗ್ಸಿ, ಇವತ್ತ್ ಎಂತ ಆಯ್ತ್ ಮಾರಾಯ ನಿಂಗೆ?"

ಈ ಚರ್ಚೆಯನ್ನು ಮುಂದೂಡಿ ಮೊದಲು ತಮ್ಮನ್ನು ಕೆಸರಿನಿಂದ ಎತ್ತುವಂತೆ ರಾಜೇಂದ್ರ ರವರಿಂದ ಸೂಚನೆ ಬಂದಿರುತ್ತದೆ.

5. ತಾಂತ್ರಿಕ ಸಹಾಯಕಿ ಕುಮಾರಿ ವಿನಯಾ ರವರು ಕಚೇರಿಯ ಬಾಲ್ದಿಯಲ್ಲಿ ಕಾಗದದ ದೋಣಿ ತೇಲಿಸಿ, ಎರಡು ಕಡ್ಡಿಗಳನ್ನು ಎದುರುಬದುರು ನಿಲ್ಲಿಸಿ ಸಲ್ಲಿಸಿದ ವರದಿಯ ಸಾರ ಇಂತಿದೆ. ಎದುರುಬದುರು ನಿಂತವರಲ್ಲಿ ಒಬ್ಬರ ಎಡ ಇನ್ನೊಬ್ಬರ ಬಲ. ಅದು ಮೊದಲನೆಯ ತಪ್ಪು. ಹಿಡಿಕೆಯನ್ನು ಎಡಕ್ಕೆ ದೂಡಿದರೆ ದೋಣಿ ಬಲಕ್ಕೆ ಹೋಗುತ್ತದೆ. ಅದು ಎರಡನೆಯದು. ಇವೆರಡೂ ಒಂದನ್ನೊಂದು ಹೊಡೆದುಹಾಕಿ, ಅಣ್ಣನು ಬಯಸಿದ ಕಡೆಗೇ ದೋಣಿ ಹೋಗುತ್ತಿತ್ತು. ಚಕ್ರವು ಎರಡನೆಯ ತಪ್ಪನ್ನು ಸರಿಪಡಿಸಿದ್ದರಿಂದ ಮೊದಲನೆಯದು ಒಂಟಿಯಾಗಿ ಉಳಿಯಿತು.

1997ಕ್ಕೆ ಮೊದಲು ಅಣ್ಣತಮ್ಮಂದಿರು ತೆಂಕು, ಬಡಗು ಎಂದೇ ಕೂಗುತ್ತಿದ್ದರು. ಅವು ಹಳ್ಳಿಯ ಪದಗಳೆಂದು ಎಡ-ಬಲಗಳನ್ನು ಜಾರಿಗೆ ತಂದದ್ದು ಈ ಕಚೇರಿ. ಆ ಆದೇಶವು ಯಶಸ್ವಿಯಾಗಿದೆ ಎಂದು ಈವರೆಗೆ ಪ್ರತಿ ವರ್ಷವೂ ಮೇಲಕ್ಕೆ ವರದಿ ಮಾಡಲಾಗಿದ್ದು, ಆ ವರದಿಗಳು ಈಗಲೂ ಸರಿಯಾಗಿಯೇ ಇವೆ.

6. ಪ್ರಯುಕ್ತ ಈ ಮೂಲಕ ಸೂಚಿಸಲಾಗಿದೆ:

(ಅ) ದೋಣಿಗಳಲ್ಲಿ 'ಎಡ' ಎಂಬ ಪದವನ್ನು ತಕ್ಷಣದಿಂದ ಹಿಂಪಡೆಯಲಾಗಿದೆ. ಒಂಟಿಯಾಗಿ ಉಳಿದರೆ ಅನರ್ಥವಾಗುವುದರಿಂದ 'ಬಲ'ವನ್ನೂ ಹಿಂಪಡೆಯಲಾಗಿದೆ.

(ಆ) ತೆಂಕು, ಬಡಗುಗಳನ್ನು ಸೇವೆಗೆ ಮರಳಿ ತೆಗೆದುಕೊಳ್ಳಲಾಗಿದೆ. ಇವು ನಿಂತವರ ಮುಖ ನೋಡಿ ಬದಲಾಗುವುದಿಲ್ಲ. ಸರ್ಕಾರಿ ರಜಾದಿನಗಳಲ್ಲಿಯೂ ಇದ್ದಲ್ಲೇ ಇರುತ್ತವೆ.

(ಇ) ಚಕ್ರದ ದೋಣಿಗೆ ಹಾರನ್ ಒದಗಿಸಿರುವುದಿಲ್ಲ. ಚಾಲಕರ ಬಾಯಿಂದ ಬರುವ 'ಹ್ವಾಯ್' ಎಂಬುದನ್ನೇ ಹಾರನ್ ಎಂದು ಪರಿಗಣಿಸತಕ್ಕದ್ದು. ಅದರ ಮುಂದೆ ಎದುರು ದೋಣಿಯವರ ಮನೆತನದ ಪ್ರಸ್ತಾಪ ಸೇರಿಸಿದಲ್ಲಿ ಅದು ಹಾರನ್ ಆಗಿ ಉಳಿಯುವುದಿಲ್ಲ.

(ಈ) ಚಕ್ರಕ್ಕೆ ಬುತ್ತಿ, ಒದ್ದೆ ಲುಂಗಿ, ಒಣಗಲು ಬಿಟ್ಟ ಬಂಗುಡೆ ಮೀನು ನೇತುಹಾಕುವಂತಿಲ್ಲ. ದೋಣಿ ತಿರುಗಿದಾಗ ಬಂಗುಡೆಯೂ ತಿರುಗಿ, ಹದ್ದುಗಳು ಚಾಲಕರ ಮೇಲೆ ಆಸಕ್ತಿ ತೋರಿದ ವರದಿ ಮರವಂತೆಯಿಂದ ಬಂದಿದೆ.

(ಉ) ಚಕ್ರ ಹಿಡಿದವರು ಸಾಲಿಗ್ರಾಮದ ಬಸ್ ಚಾಲಕರಂತೆ ಮೈ ಓಲಿಸುವುದು, ಅಳಿವೆ ಬಂದಾಗ "ಇಳಿಯುವವರಿದ್ದೀರಾ?" ಎಂದು ಕೇಳುವುದನ್ನು ನಿಷೇಧಿಸಲಾಗಿದೆ.

(ಊ) ಕಂಡಿಕೆ 3ರಂತೆ ಮುಂತುದಿಯ ಸ್ಥಾನದ ರದ್ದತಿಯು ಹಾಗೆಯೇ ಮುಂದುವರಿಯುತ್ತದೆ. ಅದನ್ನು ಬದಲಿಸುವ ಅಧಿಕಾರ ಈ ಕಚೇರಿಗಿಲ್ಲ; ಯಾವ ಕಚೇರಿಗಿದೆ ಎಂದು ತಿಳಿಯುವ ಅಧಿಕಾರವೂ ಇಲ್ಲ.

7. ಉಪಕಂಡಿಕೆ (ಊ) ಅನ್ನು ಓದಿ ಹೇಳಿದಾಗ ಬಚ್ಚ ರವರು ಕೇಳಿದ್ದು ಒಂದೇ: "ಚಕ್ರ ಹಿಡ್ದವ್ರನ್ನ್ ಇಳ್ಸುಕಾತ್ತಾ?" ಇಲ್ಲವೆಂದು ತಿಳಿಸಲಾಯಿತು. "ದೋಣಿ ಯಾರ್ ಹೆಸ್ರಗಿತ್ತೋ ಅವ್ರನ್ನ್?" ಪುಸ್ತಕಗಳನ್ನು ತಿರುವಿ ನೋಡಲಾಗಿ, ಮಾಲೀಕರನ್ನು ಅವರದೇ ದೋಣಿಯಿಂದ ಇಳಿಸುವ ನಿಯಮ ಎಲ್ಲಿಯೂ ಕಂಡುಬರಲಿಲ್ಲ.

"ಹಂಗಾರೆ ಚಕ್ರ ಅಣ್ಣ ಹಿಡೀಲಿ. ನಾ ಮುಂದ್ ನಿಂತ್ಕಂತೆ" ಎಂದು ಅವರು ಹೇಳಿದರು. ಹೇಳಿದ ಮೇಲೆ ಯಾರ ಮುಖವನ್ನೂ ನೋಡಲಿಲ್ಲ. ಸೋಮ ರವರು, "ನಂಗೆಂತಕ್ಕಾ ಅದ್? ನಿನ್ ಕೈ ಬಿಟ್ಟ್ ದೋಣಿ ಬೇರೆಯವ್ರ್ ಮಾತ್ ಕೇಣುದಾ?" ಎಂದರು. ಜಲಜ ರವರು, "ಭಾವಯ್ಯ, ಅವ್ರ್ ಮನ್ಸ್ ತಿರ್ಗುದ್ರೊಳ್ಗೆ ಹೋಯಿ ಹಿಡ್ಕಣಿ" ಎಂದರು.

8. ಬಚ್ಚ ರವರ ದೋಣಿಗೇ ಚಕ್ರ ಅಳವಡಿಸಿ ಮಾರನೆಯ ದಿನ ನಡೆಸಿದ ಸಂಚಾರವನ್ನು ಇಲಾಖೆಯು ದಡದಲ್ಲಿ ನಿಂತು, ದಡದಿಂದ ಸಾಕಷ್ಟು ಹಿಂದಕ್ಕೂ ಸರಿದು, ವೀಕ್ಷಿಸಿದೆ. ಅಳಿವೆಯಲ್ಲಿ ಬಚ್ಚ ರವರು "ತೆಂಕ್! ತೆಂಕ್!" ಎಂದು ಕೂಗಿದರು. ದೋಣಿ ತೆಂಕಿಗೆ ಹೋಯಿತು. ಆಗ ಅವರ ಎಡಗೈ, ಇಲ್ಲದ ಹಿಡಿಕೆಯೊಂದನ್ನು ಹಿಡಿದಂತೆ ಮಡಚಿಕೊಂಡು, ಅಣ್ಣನು ಚಕ್ರ ತಿರುಗಿಸಿದಾಗಲೆಲ್ಲ ಗಾಳಿಯಲ್ಲಿ ಸ್ವಲ್ಪ ಆಡುತ್ತಿತ್ತು. ಇದಕ್ಕೆ ಇಲಾಖೆಯ ಆಕ್ಷೇಪಣೆ ಇರುವುದಿಲ್ಲ.

9. ಮುಂತುದಿಯ ಸ್ಥಾನವು ರದ್ದಾಗಿದೆ. ಬಚ್ಚ ರವರು ಅಲ್ಲಿ ನಿಂತಿದ್ದಾರೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಗಮನಿಸದಿರುವಂತೆ ಮೂರೂ ವಲಯಗಳ ಸಿಬ್ಬಂದಿಗೆ ಆದೇಶಿಸಲಾಗಿದೆ.

ಸಹಿ/-
(ಒಣಗಿದ ನಂತರ ಹಾಕಲಾಗಿದೆ)
ಪ್ರಭಾರ ಅಧಿಕಾರಿ, ಸಣ್ಣ ದೋಣಿಗಳ ತಿರುವು ವಿಭಾಗ

ಪ್ರತಿಗಳು:
1. ಬೈಂದೂರು ಹಾಗೂ ಬ್ರಹ್ಮಾವರ ವಲಯ ಕಚೇರಿಗಳಿಗೆ, ತೆಂಕು ಬಡಗು ಯಾವ ಕಡೆ ಎಂದು ಗೋಡೆಯ ಮೇಲೆ ಬರೆದಿಡಲು.
2. ಶ್ರೀ ರಾಜೇಂದ್ರ ರವರಿಗೆ, ಪ್ಯಾಂಟಿನ ಕೋರಿಕೆ ಪರಿಶೀಲನೆಯಲ್ಲಿದೆ ಎಂಬ ಒಕ್ಕಣೆಯೊಂದಿಗೆ.
3. ಕುಮಾರಿ ವಿನಯಾ ರವರಿಗೆ, ಬಾಲ್ದಿಯನ್ನು ಹಿಂದಿರುಗಿಸಲು.
4. ಶ್ರೀಮತಿ ಜಲಜ ರವರಿಗೆ, ಇಬ್ಬರೂ ಒಂದೇ ದೋಣಿಯಲ್ಲಿ ಮರಳಿದ್ದಾರೆ ಎಂಬ ಮಾಹಿತಿಗಾಗಿ.