ಹದಿನಾಲ್ಕನೇ ಸಾಲಿನ ಗಾಜಿನ ಸಾಮಾನು

ಗೋದಾಮಿನಲ್ಲಿ ವರ್ಷದ ಮೊದಲ ಮೂರು ತಿಂಗಳು ಮನುಷ್ಯರಿಗೆ ಸಂಬಂಧಿಸಿದ ಒಂದೇ ಒಂದು ಅಪಘಾತವೂ ನಡೆಯಲಿಲ್ಲವೆಂಬುದು ದಾಖಲೆಗಳಿಂದ ಸಾಬೀತಾದ ಸಂಗತಿ. ಅದೇ ಮೂರು ತಿಂಗಳಲ್ಲಿ ಒಬ್ಬನ ಮುಂಗೈ ಮುರಿಯಿತು, ಇಬ್ಬರ ಕಾಲ್ಬೆರಳು ಜಜ್ಜಿಹೋದವು, ಇನ್ನೊಬ್ಬ ಏಣಿಯಿಂದ ಬಿದ್ದು ಸೊಂಟಕ್ಕೆ ಪಟ್ಟಿ ಕಟ್ಟಿಸಿಕೊಂಡ. ಇವು ಯಾವುವೂ ದಾಖಲೆಗೆ ಬಾರದ ಕಾರಣ ನಡೆದವೆನ್ನಲು ಆಧಾರವಿಲ್ಲ.

ಇದರ ಶ್ರೇಯಸ್ಸು ಸುರಕ್ಷಾಮಿತ್ರ ಎಂಬ ತಂತ್ರಾಂಶಕ್ಕೆ ಸಲ್ಲಬೇಕು. ಒಂದು ಶೆಡ್ಡಿನಲ್ಲಿ ಶುರುವಾದ ಗೋದಾಮು ಎರಡೇ ವರ್ಷದಲ್ಲಿ ಐದು ಶೆಡ್ಡಾಗಿ ಬೆಳೆದು, ಸಾಮಾನು ಹೆಚ್ಚಾಗಿ ಓಡಾಡುವ ಜಾಗ ಕಡಿಮೆಯಾದಾಗ, ಮೇಲಿನವರು ಕೃತಕ ಬುದ್ಧಿಮತ್ತೆಯ ಈ ವ್ಯವಸ್ಥೆಯನ್ನು ತರಿಸಿದರು. ಸೂರಿನ ತುಂಬ ಕ್ಯಾಮೆರಾಗಳು ಬಂದವು. ಫೋರ್ಕ್‌ಲಿಫ್ಟುಗಳು ಎಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು, ಯಾವ ರ‍್ಯಾಕನ್ನು ದುರಸ್ತಿ ಮಾಡಬೇಕು ಎಂಬುದನ್ನೆಲ್ಲ ಅದೇ ತೀರ್ಮಾನಿಸತೊಡಗಿತು. ಅದಕ್ಕೂ ಮೊದಲು ಅದಕ್ಕೆ ಗೋದಾಮನ್ನು ತೋರಿಸಿ ಕಲಿಸಬೇಕಾಗಿತ್ತು. ಕಲಿಕೆಯ ವೇಳೆ ಕೆಲಸಗಾರರು ಅಡ್ಡಾಡಿದರೆ ಅಪಾಯವೆಂದು, ಸುರಕ್ಷತೆಯ ದೃಷ್ಟಿಯಿಂದ, ಎಲ್ಲ ಪಾಠಗಳನ್ನೂ ವಾರದ ರಜೆಯ ದಿನವೇ ಇಟ್ಟುಕೊಂಡರು. ಹೀಗಾಗಿ ಸುರಕ್ಷಾಮಿತ್ರ ಪೆಟ್ಟಿಗೆ, ಪೀಪಾಯಿ, ಮೂಟೆ, ರ‍್ಯಾಕು ಎಲ್ಲವನ್ನೂ ಅಚ್ಚುಕಟ್ಟಾಗಿ ಕಲಿಯಿತು. ಮನುಷ್ಯನನ್ನು ಮಾತ್ರ ನೋಡಲೇ ಇಲ್ಲ.

ಇದು ಮೊದಲು ಗೊತ್ತಾದದ್ದು ಚೀಟಿ ಅಕ್ಕನಿಗೆ. ಬಾಗಿಲ ಪಕ್ಕದ ಕಿಟಕಿಯೊಳಗೆ ಕೂತು ಒಳಬರುವ ಪ್ರತಿ ಸಾಮಾನಿಗೂ ಗುರುತಿನ ಚೀಟಿ ಅಚ್ಚು ಹಾಕಿ ಅಂಟಿಸುವುದು ಅವಳ ಕೆಲಸ. ಅವಳ ಗಂಡ ಹದಿನಾಲ್ಕನೇ ಸಾಲಿನಲ್ಲಿ ಸಾಮಾನು ಇಳಿಸುವವನು. ಮಂಡಿನೋವಿನಿಂದ ಮೆಲ್ಲಗೆ ಕುಂಟುತ್ತ ನಡೆಯುವ ಅವನನ್ನು ಎಲ್ಲರೂ ಆಮೆ ಎನ್ನುತ್ತಿದ್ದರು, ಕಿರಿಯರು ಮರ್ಯಾದೆಯಿಂದ ಆಮೆಯಣ್ಣ ಎನ್ನುತ್ತಿದ್ದರು. ಒಂದು ಫೋರ್ಕ್‌ಲಿಫ್ಟು ಹಿಂದಕ್ಕೆ ಬರುವಾಗ ಗುದ್ದಿ ಹದಿನಾಲ್ಕನೇ ಸಾಲಿನ ರ‍್ಯಾಕಿನ ಮುಂಗಾಲು ಬಾಗಿಹೋಗಿತ್ತು. ಮೇಲೆ ನಾಲ್ಕು ಅಂತಸ್ತು ಲಾರಿ ಟೈರು. ಕೆಳಗೆ ದಿನಕ್ಕೆ ಎಂಟು ಗಂಟೆ ಆಮೆ.

ಚೀಟಿ ಅಕ್ಕ ಮೂರು ಅರ್ಜಿ ಬರೆದಳು. ನಾಲ್ಕನೆಯದನ್ನು ಕೈಯಲ್ಲೇ ಹಿಡಿದುಕೊಂಡು ಮ್ಯಾನೇಜರ ಕೋಣೆಗೆ ಹೋದಳು.

“ಸರ್, ಆ ರ‍್ಯಾಕಿನ ಕಾಲು ಇವತ್ತೋ ನಾಳೆಯೋ ಅಂತಿದೆ. ನಮ್ಮವರು ಅದರ ಕೆಳಗೇ ಇರ್ತಾರೆ.”

“ನಿಮ್ಮ ಅರ್ಜೀನ ಸುರಕ್ಷಾಮಿತ್ರಕ್ಕೆ ಹಾಕಿದ್ದೆನಮ್ಮಾ. ಟೈರು ಬಿದ್ರೆ ಒಡೆಯಲ್ಲ. ನೆಲ ಸಿಮೆಂಟು, ಅದೂ ಒಡೆಯಲ್ಲ. ನಷ್ಟ ಏನೂ ಇಲ್ಲ, ದುರಸ್ತಿ ಬೇಡ ಅಂದಿದೆ.”

“ಟೈರಿಗೂ ನೆಲಕ್ಕೂ ಮಧ್ಯೆ ಮನುಷ್ಯ ಇದಾನಲ್ಲ ಸರ್?”

“ಎಲ್ಲಿ?” ಎಂದು ಮ್ಯಾನೇಜರು ಪರದೆಯನ್ನು ಅವಳ ಕಡೆ ತಿರುಗಿಸಿದರು.

ಪರದೆಯ ಮೇಲೆ ಹದಿನಾಲ್ಕನೇ ಸಾಲು ಖಾಲಿಯಾಗಿತ್ತು. ಒಂದು ರಟ್ಟಿನ ಪೆಟ್ಟಿಗೆ ಮಾತ್ರ ನೆಲದಿಂದ ಮೂರಡಿ ಎತ್ತರದಲ್ಲಿ, ಗಾಳಿಯಲ್ಲಿ, ತುಸು ಕುಂಟುತ್ತ ಬಾಗಿಲ ಕಡೆ ಬರುತ್ತಿತ್ತು. ಆ ಕುಂಟು ಚೀಟಿ ಅಕ್ಕನಿಗೆ ಎಷ್ಟೋ ವರ್ಷದ ಪರಿಚಯ.

“ಅಗೋ, ಅವರೇ ನಮ್ಮವರು!”

“ಆ ಪೆಟ್ಟಿಗೆಯಾ?”

“ಪೆಟ್ಟಿಗೆ ಹೊತ್ತಿರೋರು ಸರ್!”

“ಹೊತ್ತಿರೋರು ಯಾರೂ ಕಾಣ್ತಿಲ್ಲ. ಕಾಣದೇ ಇರೋರಿಗೋಸ್ಕರ ನಾನು ಕಬ್ಬಿಣ ತರಿಸಿದ್ರೆ, ನಾಳೆ ಮೇಲಿನವರು ಬಂದು ಕೇಳಿದಾಗ ಯಾರನ್ನ ತೋರಿಸ್ಲಿ? ನೀವೇ ಹೇಳಿ.”

ಅವಳು ನಾಲ್ಕನೇ ಅರ್ಜಿಯನ್ನು ಮೇಜಿನ ಮೇಲಿಟ್ಟು ಕಿಟಕಿಗೆ ಮರಳಿದಳು. ಊಟದ ಹೊತ್ತಿಗೆ ಗಂಡ ಬಂದ.

“ರೀ, ನೀವು ಇಲ್ಲವಂತೆ.”

“ಯಾರು ಹೇಳಿದ್ದು?”

“ಮ್ಯಾನೇಜರು. ಪರದೇಲೇ ತೋರಿಸಿದ್ರು.”

ಆಮೆ ಬುತ್ತಿಯ ಮುಚ್ಚಳ ತೆಗೆಯುತ್ತ, “ಹಾಗಿದ್ರೆ ಮಧ್ಯಾಹ್ನ ರಜಾನಾ?” ಎಂದ.

“ತಲೆ ಮೇಲೆ ಟೈರು ಬೀಳತ್ತೆ ಅಂತ ನಾನು ಸಾಯ್ತಿದ್ರೆ ನಿಮಗೆ ತಮಾಷೆ!” ಎಂದು ಚೀಟಿ ಅಕ್ಕ ಅವನ ಬೆನ್ನಿಗೊಂದು ಬಾರಿಸಿದಳು. ಅವಳ ಅಂಗೈಗೆ ಆಗಷ್ಟೇ ಅಚ್ಚಾದ ಚೀಟಿಯೊಂದು ಅಂಟಿಕೊಂಡಿತ್ತು. ಬಾರಿಸಿದ ಮೇಲೆ ಅದು ಅಂಗೈಯಲ್ಲಿ ಇರಲಿಲ್ಲ. ಇದನ್ನು ಇಬ್ಬರೂ ಗಮನಿಸಲಿಲ್ಲ.

ಆಮೆ ಹದಿನಾಲ್ಕನೇ ಸಾಲಿಗೆ ಕಾಲಿಟ್ಟನೋ ಇಲ್ಲವೋ, ಗೋದಾಮಿನ ಹಳದಿ ದೀಪಗಳೆಲ್ಲ ಒಟ್ಟಿಗೇ ಹತ್ತಿಕೊಂಡವು. ಓಡುತ್ತಿದ್ದ ಮೂರು ಫೋರ್ಕ್‌ಲಿಫ್ಟುಗಳು ಇದ್ದಲ್ಲೇ ನಿಂತವು. ಸೂರಿನಿಂದ ಒಂದು ಇಂಪಾದ ಹೆಣ್ಣುದನಿ ಕೇಳಿಬಂತು: “ಗಮನಿಸಿ. ಹದಿನಾಲ್ಕನೇ ಸಾಲಿನಲ್ಲಿ ಗಾಜಿನ ಸಾಮಾನೊಂದು ಅಪಾಯದಲ್ಲಿದೆ. ಸಂಬಂಧಪಟ್ಟವರು ಕೂಡಲೇ ಧಾವಿಸತಕ್ಕದ್ದು.”

ಸಂಬಂಧಪಟ್ಟ ಇಬ್ಬರು ಸ್ಪಂಜಿನ ಹಾಳೆ ಹಿಡಿದು ಧಾವಿಸಿದರು.

“ಆಮೆಯಣ್ಣ, ಗಾಜು ಎಲ್ಲಿದೆ?”

“ನನ್ನ ಯಾಕ್ರೋ ಕೇಳ್ತೀರ? ನಾನೇ ಇಲ್ಲವಂತೆ.”

ಹುಡುಕಿದಾಗ ಗಾಜು ಅವನ ಬೆನ್ನ ಮೇಲಿತ್ತು. ಗಾಜೆಂದು ಬರೆದದ್ದಕ್ಕೆ ಸ್ಪಂಜು ಸುತ್ತಬೇಕೆಂಬುದು ನಿಯಮ. ಅವರು ಅವನಿಗೆ ಕತ್ತಿನಿಂದ ಮಂಡಿಯವರೆಗೆ ಸ್ಪಂಜು ಸುತ್ತಿ, ಮುಖ ಮೇಲಕ್ಕಿದೆಯೆಂದು ಖಾತ್ರಿಪಡಿಸಿಕೊಂಡು ಹೋದರು. ಹತ್ತು ನಿಮಿಷದಲ್ಲಿ ಮ್ಯಾನೇಜರ ಪರದೆಗೆ ಆದೇಶ ಬಂತು: ಟೈರುಗಳ ಕೆಳಗೆ ಗಾಜು ಇರುವುದರಿಂದ ರ‍್ಯಾಕಿನ ಕಾಲನ್ನು ಮೂರು ದಿನದೊಳಗೆ ಬದಲಿಸುವುದು.

ನಾಲ್ಕು ಗಂಟೆಗೆ ಬೆವರಿಗೆ ಚೀಟಿ ಕಳಚಿಬಿತ್ತು. ನಾಲ್ಕೂ ಐದಕ್ಕೆ ಆದೇಶ ರದ್ದಾಯಿತು.

ಚೀಟಿ ಅಕ್ಕನಿಗೆ ಅಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆ ಗಂಡನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು.

“ಏನೇ ಇದು, ಮರ್ಯಾದೆ ತೆಗೀತಿದೀಯ.”

“ಮೂರು ದಿನ ಸುಮ್ನೆ ಗಾಜಾಗಿರಿ. ಕಾಲು ಬದಲಾಯಿಸಿದ ಮೇಲೆ ಯೋಚಿಸೋಣ.”

ಉದ್ದ, ಅಗಲ, ತೂಕ ನಮೂದಿಸಿ, ಎದೆಗೊಂದು, ಬೆನ್ನಿಗೊಂದು, ಟೊಪ್ಪಿಗೆಗೊಂದು ಚೀಟಿ ಅಂಟಿಸಿದಳು. ಮೂರನೇ ದಿನ ಹೊಸ ಕಾಲು ಬಂತು. ಅದನ್ನು ಕೂರಿಸುವಾಗ ಟೈರುಗಳನ್ನು ಇಳಿಸಿ ಗಾಜನ್ನು ದೂರ ನಿಲ್ಲಿಸಿ ಅದಕ್ಕೆ ನೆರಳು ಮಾಡಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಫೋರ್ಕ್‌ಲಿಫ್ಟು ಎದುರು ಬಂದು ಆಮೆಗೆ ದಾರಿ ಬಿಟ್ಟು ನಿಲ್ಲುವುದನ್ನು ಐದು ಶೆಡ್ಡಿನವರೂ ನೋಡಿದ್ದರು. ನಾಲ್ಕನೇ ದಿನ ಚೀಟಿ ಅಕ್ಕನ ಕಿಟಕಿಯ ಮುಂದೆ ಸಾಲು ಬೆಳೆಯಿತು.

ತಗಡಿನ ಸೂರಿನ ಕೆಳಗೆ ಬೇಯುತ್ತಿದ್ದ ಐದನೇ ಶೆಡ್ಡಿನವರು ‘ಬೇಗ ಕೆಡುವ ಪದಾರ್ಥ, ತಂಪಿನಲ್ಲಿಡಿ’ ಎಂದು ಹಾಕಿಸಿಕೊಂಡರು. ಸಂಜೆಯೊಳಗೆ ಅವರಿಗೆ ನಾಲ್ಕು ಫ್ಯಾನು ಬಂತು. ಹನ್ನೆರಡು ಜನರ ವ್ಯಾನಿನಲ್ಲಿ ಮೂವತ್ತು ಜನರಾಗಿ ಬರುತ್ತಿದ್ದವರು ‘ಒಂದರ ಮೇಲೊಂದು ಪೇರಿಸಬಾರದು’ ಎಂಬುದನ್ನು ಆರಿಸಿಕೊಂಡರು. ಎರಡು ವ್ಯಾನು ಹೆಚ್ಚಾದವು. ನೆಲ ತೊಳೆಯುವ ಹೆಂಗಸು ‘ಒದ್ದೆಯಾಗದಂತೆ ನೋಡಿಕೊಳ್ಳಿ’ ಎಂಬ ಚೀಟಿಗೆ ಬೂಟು ಪಡೆದಳು.

ವ್ಯವಸ್ಥೆ ಕೈಮೀರಬಾರದೆಂದು ಮ್ಯಾನೇಜರು ಸುತ್ತೋಲೆ ಹೊರಡಿಸಿದರು: “ಚೀಟಿ ಅಂಟಿಸಿಕೊಂಡ ನೌಕರರನ್ನು ಸಾಮಾನೆಂದೇ ಪರಿಗಣಿಸತಕ್ಕದ್ದು. ಸಾಮಾನು ಸಾಮಾನನ್ನು ಎತ್ತುವಾಗ ಯಾವುದು ಯಾವುದನ್ನು ಎತ್ತುತ್ತಿದೆಯೆಂಬುದು ನೋಡುವವರಿಗೆ ಸ್ಪಷ್ಟವಾಗಿರಬೇಕು. ಒಡೆಯುವ ಸಾಮಾನುಗಳನ್ನು ಬಯ್ಯುವಾಗ ದನಿ ಮಿತಿಯಲ್ಲಿರಲಿ.”

ಸುತ್ತೋಲೆಯ ಕಟ್ಟನ್ನು ತಾವೇ ಎದೆಗವಚಿಕೊಂಡು ಹಂಚಲು ಹೊರಟ ಮ್ಯಾನೇಜರಿಗೆ ಚೀಟಿ ಇರಲಿಲ್ಲ. ಗಾಳಿಯಲ್ಲಿ ತೇಲಿಹೋಗುತ್ತಿದ್ದ ಕಾಗದದ ಕಟ್ಟನ್ನು ಕಂಡ ಸುರಕ್ಷಾಮಿತ್ರ ಅದನ್ನು ರದ್ದಿಯೆಂದು ಗುರುತಿಸಿ ಒಂದು ಫೋರ್ಕ್‌ಲಿಫ್ಟನ್ನು ಕಳಿಸಿತು. ಅದು ಕಟ್ಟನ್ನೂ ಕಟ್ಟು ಬಿಡದ ಮ್ಯಾನೇಜರನ್ನೂ ಮೆತ್ತಗೆ ಎತ್ತಿಕೊಂಡು ಹೋಗಿ ಹಿತ್ತಿಲ ಹರಕು ರಟ್ಟಿನ ರಾಶಿಗೆ ಹಾಕಿತು. ತಲೆಯ ಮೇಲೆ ರಟ್ಟಿನ ಚೂರು ಹೊತ್ತೇ ಅವರು ಬಂದು ಸಾಲಿನಲ್ಲಿ ನಿಂತರು.

“ಯಾವುದು ಹಾಕ್ಲಿ ಸರ್?”

“ಅಮೂಲ್ಯ ವಸ್ತು ಅಂತ ಒಂದು ಇದೆಯಲ್ಲಮ್ಮಾ?”

“ಇದೆ. ಅದಕ್ಕೆ ಒಳಗೇನಿದೆ ಅಂತ ಬರೀಬೇಕು.”

ಮ್ಯಾನೇಜರು ತಲೆಯ ಮೇಲಿನ ರಟ್ಟಿನ ಚೂರನ್ನು ತೆಗೆದುಹಾಕಿದರು. “ಗಾಜೇ ಇರ್ಲಿ ಬಿಡಿ,” ಎಂದರು.

ಎಲ್ಲರೂ ಹೀಗೆ ಕ್ಷೇಮವಾಗಿದ್ದಾಗ, ಆಮೆ ಗಾಜಾದ ಮೂವತ್ತನೇ ದಿನ, ಮ್ಯಾನೇಜರು ಚೀಟಿ ಅಕ್ಕನನ್ನು ಕರೆಸಿ ಪರದೆ ತೋರಿಸಿದರು. ‘ಮೂವತ್ತು ದಿನದಿಂದ ವಿಲೇವಾರಿಯಾಗದ ಸಾಮಾನು: ಗಾಜು, ಒಂದು. ಹದಿನಾಲ್ಕನೇ ಸಾಲು. ತಲುಪಿಸಬೇಕಾದ ವಿಳಾಸ ಇಲ್ಲ. ನಾಳೆ ಬೆಳಿಗ್ಗೆ ಪುಡಿ ಮಾಡುವ ಯಂತ್ರಕ್ಕೆ.’

ಚೀಟಿ ಅಕ್ಕ ಬಾಗಿಲ ಕಡೆ ತಿರುಗಿದಳು. “ಸರ್, ಚೀಟಿ ಕಿತ್ತುಹಾಕ್ತೀನಿ!”

“ಕಿತ್ತರೆ ಮತ್ತೆ ಇಲ್ಲವಾಗ್ತಾರೆ. ಫೋರ್ಕ್‌ಲಿಫ್ಟು ಮೇಲೇ ಹೋಗತ್ತೆ. ಇಟ್ಟರೆ ಪುಡಿ. ನಾನೂ ನೋಡಿದೆ, ನಿಯಮ ಎರಡು ಕಡೆಯೂ ಸರಿಯಾಗೇ ಇದೆ.” ಎದೆಯ ಮೇಲಿನ ತಮ್ಮ ಚೀಟಿಯನ್ನು ಮುಟ್ಟಿ ನೋಡಿಕೊಂಡು ಮೆಲ್ಲಗೆ ಸೇರಿಸಿದರು, “ನಂದು ಇನ್ನೂ ಹನ್ನೊಂದು ದಿನ ಇದೆ.”

ಅವಳು ಕಿಟಕಿಗೆ ಓಡಿದಳು. ಚೀಟಿ ಅಚ್ಚು ಹಾಕುವ ಯಂತ್ರದಲ್ಲಿ ‘ವಿಳಾಸ’ ಎಂಬ ಖಾಲಿ ಜಾಗವಿತ್ತು. ಇಷ್ಟು ದಿನ ಅದನ್ನು ದಾಟಿ ಹೋಗುತ್ತಿದ್ದಳು. ಎರಡು ಸಲ ತಪ್ಪಿ ಮೂರನೇ ಸಲ ಬೀದಿ, ಮನೆಯ ಸಂಖ್ಯೆ, ಎರಡನೇ ಮಹಡಿ ಎಂದು ತಮ್ಮ ಮನೆಯ ವಿಳಾಸವನ್ನೇ ಒತ್ತಿದಳು. ‘ಪಡೆದುಕೊಳ್ಳುವವರು ಗೋದಾಮಿನ ನೌಕರರಾಗಿರಬಾರದು’ ಎಂದು ಯಂತ್ರ ಎಚ್ಚರಿಸಿತು. ಅತ್ತೆಯ ಹೆಸರು ಕೊಟ್ಟಳು. ಸೂರಿನ ದನಿ ಹೇಳಿತು: “ಹದಿನಾಲ್ಕನೇ ಸಾಲಿನ ಗಾಜು ಇಂದು ಸಂಜೆ ಆರಕ್ಕೆ ತಲುಪತಕ್ಕದ್ದು. ತಡವಾದರೆ ಮ್ಯಾನೇಜರು ಹೊಣೆ.”

ಅವತ್ತು ಐದೂವರೆಗೆ ಆಮೆಯನ್ನು ಕೆಲಸದ ಮಧ್ಯದಿಂದಲೇ ಎಬ್ಬಿಸಿ ವ್ಯಾನಿಗೆ ಹತ್ತಿಸಿದರು. ಮರುದಿನ ಬೆಳಿಗ್ಗೆ ಅವನು ಹೊಸ ಸಾಮಾನಾಗಿ ಒಳಗೆ ಬಂದ, ಮೂವತ್ತು ದಿನ ಮೊದಲಿನಿಂದ ಶುರುವಾಯಿತು. ವಾರದೊಳಗೆ ಎಲ್ಲರೂ ವಿಳಾಸ ಬರೆಸಿಕೊಂಡರು. ಮ್ಯಾನೇಜರು ಎಲ್ಲರಿಗಿಂತ ಮೊದಲು. ಸಂಜೆ ಆರರ ಮೇಲೆ ಯಾರನ್ನೂ ನಿಲ್ಲಿಸಿಕೊಳ್ಳುವುದು ಸಾಧ್ಯವಾಗದೆ ಹೋಯಿತು, ಏಕೆಂದರೆ ಸಾಮಾನು ತಡವಾಗಿ ತಲುಪಿದ ಕಪ್ಪುಚುಕ್ಕೆ ಗೋದಾಮಿಗೆ ಹಿಂದೆಂದೂ ತಗುಲಿರಲಿಲ್ಲ. ಈ ಸಾಧನೆಗಾಗಿ ಮೇಲಿನವರು ಸುರಕ್ಷಾಮಿತ್ರಕ್ಕೆ ಶಾಲು ಹೊದಿಸಿದರು. ಹೊದಿಸಲು ಭುಜವಿಲ್ಲದ್ದರಿಂದ ಪರದೆಗೆ ಹೊದಿಸಿದರು.

ಚೀಟಿ ಅಕ್ಕನೂ ಕೊನೆಗೆ ತನಗೊಂದು ಚೀಟಿ ಹಾಕಿಕೊಂಡಳು. ಅವತ್ತು ಸಂಜೆ ಆರಕ್ಕೆ ವ್ಯಾನಿನ ಚಾಲಕ ಇಬ್ಬರನ್ನೂ ಮೆಟ್ಟಿಲು ಹತ್ತಿಸಿ ಬಾಗಿಲು ತಟ್ಟಿದ. ಅತ್ತೆ ಕನ್ನಡಕ ಏರಿಸಿಕೊಂಡು ಬಂದರು.

“ಅಮ್ಮಾ, ಸಾಮಾನು ಬಂದಿದೆ. ಸರಿಯಾಗಿ ನೋಡ್ಕೊಂಡು ಸಹಿ ಹಾಕಿ.”

ಅತ್ತೆ ಮಗನನ್ನು ದೀಪದ ಕೆಳಗೆ ನಿಲ್ಲಿಸಿದರು. “ತಿರುಗೋ. ಕೈ ತೋರಿಸು. ಆ ಕೈ ಅಲ್ಲ, ಈ ಕೈ. ಗಲ್ಲದ ಮೇಲೆ ಈ ಗೀರು ಎಲ್ಲಿಂದ ಬಂತು?”

“ಬೆಳಿಗ್ಗೆ ಗಡ್ಡ ಹೆರೆಯೋವಾಗ ಆಗಿದ್ದಮ್ಮ. ನೀನೇ ನೋಡಿದ್ಯಲ್ಲ.”

“ನಿನ್ನ ಕೇಳ್ಲಿಲ್ಲ, ತಂದವನ್ನ ಕೇಳ್ದೆ,” ಎಂದು ಬೆರಳು ಬೆರಳನ್ನೂ ಎಣಿಸಿ, ಹತ್ತೂ ಇರುವುದನ್ನು ಕಂಡ ಮೇಲೆ ಸಹಿ ಹಾಕಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

“ಇದು?”

“ಇದೂ ನಿಮ್ಮ ವಿಳಾಸಕ್ಕೇ ಬಂದಿರೋದಮ್ಮ,” ಎಂದ ಚಾಲಕ.

ಅತ್ತೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದರು. ಚೀಟಿ ಅಕ್ಕ, ಸಾಮಾನಾದ್ದರಿಂದ, ತುಟಿಪಿಟಕ್ಕೆನ್ನದೆ ನಿಂತಿದ್ದಳು.

“ಬೇಡ ಅಂದ್ರೆ ವಾಪಸ್ಸು ತಗೊಂಡು ಹೋಗ್ತೀರಾ?”

“ಏಳು ದಿನದೊಳಗೆ ಹೇಳಿದ್ರೆ ತಗೊಂಡು ಹೋಗ್ತೀವಿ.”

“ಒಳಗೆ ಬಾರೇ, ಮುಖ ತೊಳ್ಕೋ, ಬಾಡಿಹೋಗಿದೀಯ,” ಎಂದ ಅತ್ತೆ, ಸಹಿ ಹಾಕುತ್ತ ಚಾಲಕನಿಗೆ ಹೇಳಿದರು, “ಏಳು ದಿನ ನೋಡ್ತೀನಿ.”

ಪ್ರತಿ ಸಂಜೆಯೂ ಹೊಸದಾಗಿ ಸಹಿಯಾಗುವುದರಿಂದ ಆ ಏಳು ದಿನ ಇನ್ನೂ ಮುಗಿದಿಲ್ಲ.