ಮೈಕಿಗೆ ಬಿದ್ದ ಸಾರು

ಮೂರು ದಿನಕ್ಕೊಮ್ಮೆ ಬರುವ ನಲ್ಲಿ ನೀರು ಅಂದು ಬೆಳಿಗ್ಗೆ ಏಳಕ್ಕೇ ಬಂದಿತ್ತು. ಉಷಾ ಎರಡು ಡ್ರಮ್ಮು ತುಂಬಿಸಿ, ಕೊನೆಯ ಕೊಡವನ್ನು ನಲ್ಲಿಯ ಕೆಳಗಿಟ್ಟು, ನೋಯುತ್ತಿದ್ದ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಆಗ ಬೀದಿಯ ತುದಿಯಿಂದ ಅವಳದೇ ದನಿ ಅವಳನ್ನು ಕೂಗಿತು.

"ರಾಯದುರ್ಗದ ಮಹಾಜನರಲ್ಲಿ ವಿನಂತಿ. ನಾಳೆ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಉಚಿತ ಕಿವಿ ತಪಾಸಣೆ ಶಿಬಿರ."

ಎರಡು ದಿನದ ಹಿಂದೆ ಭೀಮೇಶನ ಮೈಕ್ ಸೆಟ್ ಅಂಗಡಿಯಲ್ಲಿ ಕೂತು ಹೇಳಿದ ಮಾತು. ಉಷಾ ಕೆಲಸ ಮಾಡುವ ಜೀನ್ಸ್ ಹೊಲಿಯುವ ಯೂನಿಟ್ಟು ಮೇಲಿನ ಮಹಡಿಯಲ್ಲಿದ್ದರೆ ಅವನ ಅಂಗಡಿ ಕೆಳಗೆ. ಆಂಧ್ರದ ಗಡಿಯ ಊರಾದ್ದರಿಂದ ಪ್ರಕಟಣೆ ಎರಡೂ ಭಾಷೆಯಲ್ಲಿ ಬೇಕು; ತೆಲುಗಿನದನ್ನು ತಾನೇ ಹೇಳಿಕೊಂಡು, ಕನ್ನಡಕ್ಕೆ ಹೆಣ್ಣುದನಿ ಇದ್ದರೆ ಲಕ್ಷಣ ಎಂದು ಊಟದ ಬಿಡುವಿನಲ್ಲಿ ಇವಳನ್ನು ಕರೆದು ಕೂರಿಸಿದ್ದ. ಆಟೋದ ತಲೆಯ ಮೇಲಿನ ಎರಡು ಹಾರ್ನುಗಳಿಂದ ತನ್ನ ದನಿ ಬರುವುದನ್ನು ಕೇಳಿ ಉಷಾಳಿಗೆ ಒಂದು ಗಳಿಗೆ ಸೊಂಟದ ನೋವು ಮರೆತುಹೋಯಿತು. ಆಟೋ ಅಡ್ಡರಸ್ತೆಗೆ ತಿರುಗುವಷ್ಟರಲ್ಲಿ ಪ್ರಕಟಣೆ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಶುರುವಾಗಿದ್ದು ಶಿಬಿರದಿಂದಲ್ಲ.

"ಬೆಳಿಗ್ಗೆ ಏನು ತಿಂದೆ ಅಂದ್ರ? ಅನ್ನ, ತಿಪ್ಪಕ್ಕನ ಸಾರು. ಅದೇನು ಸಾರು ಬಿಡು, ಬಿಸಿನೀರಿಗೆ ಅರಿಶಿನ. ಅದರಾಗಿನ ಬೇಳಿ ಬೇಕಂದ್ರ ಗುಮ್ಮಘಟ್ಟದ ಆಟೋ ಹತ್ತಿ ಹೋಗಿ ಹುಡುಕಿ ತರಬೇಕು."

ಕೊಡ ತುಂಬಿ ಪಾದದ ಮೇಲೆ ಹರಿಯುತ್ತಿದ್ದರೂ ಉಷಾ ನಲ್ಲಿ ತಿರುಗಿಸಲಿಲ್ಲ. ಮೈಕಿನ ಮುಂದೆ ಕೂತಾಗ ಭೀಮೇಶ, ಲೆವೆಲ್ಲು ನೋಡಬೇಕು, ಏನಾದರೂ ಮಾತಾಡ್ರಿ, ಬೆಳಿಗ್ಗೆ ಏನು ತಿಂದ್ರಿ ಹೇಳ್ರಿ ಎಂದಿದ್ದ. ಅವಳು ನಾಚಿಕೊಂಡು, ತನ್ನ ಕಿವಿಗೂ ಬೀಳದಷ್ಟು ಸಣ್ಣಗೆ ಗೊಣಗಿದ್ದಳು. ಆ ಪಿಸುಮಾತು ಈಗ ಶಿಬಿರದಷ್ಟೇ ಗಟ್ಟಿಯಾಗಿ ಊರ ಮೇಲೆ ಹೊರಟಿತ್ತು.

"ಅಮ್ಮಾ, ಒಂದು ಕೇಳ್ಲಾ?" ಎಂದಳು ಬಾಗಿಲಲ್ಲಿ ಬ್ರಷ್ಷು ಕಚ್ಚಿಕೊಂಡು ನಿಂತಿದ್ದ ಆರು ವರ್ಷದ ಮಗಳು ವಿದ್ಯಾಶ್ರೀ.

"ಆಮ್ಯಾಲೆ ಕೇಳೇ."

ತಿಪ್ಪಕ್ಕ ಎದುರು ಮನೆಯವಳು. ಉಷಾಳ ಗಂಡ ಲಾರಿಯ ಮೇಲೆ ಹೋದರೆ ವಾರಕ್ಕೊಮ್ಮೆ ಮುಖ ತೋರಿಸುವವನು. ಉಷಾ ಯೂನಿಟ್ಟಿನಿಂದ ಬರುವವರೆಗೆ ವಿದ್ಯಾಶ್ರೀಯನ್ನು ನೋಡಿಕೊಳ್ಳುವುದು, ತಲೆ ಬಾಚುವುದು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುವುದು ಎಲ್ಲ ತಿಪ್ಪಕ್ಕನೇ. ಅವಳಿಲ್ಲದೆ ಕೆಲಸವಿಲ್ಲ. ಅವಳ ಕೋಪವೂ ಅಷ್ಟೇ ಗಟ್ಟಿ. ಮೂಲೆಮನೆಯವಳು ಒಮ್ಮೆ ತಿಪ್ಪಕ್ಕನ ಉಪ್ಪಿನಕಾಯಿಗೆ ಉಪ್ಪು ಹೆಚ್ಚಾಯಿತು ಎಂದಿದ್ದಕ್ಕೆ, ಮೂರು ವರ್ಷದಿಂದ ಆ ಮೂಲೆಯನ್ನೇ ಬಿಟ್ಟು ಊರು ಸುತ್ತಿಕೊಂಡು ಅಂಗಡಿಗೆ ಹೋಗುತ್ತಿದ್ದಳು.

ಪುಣ್ಯಕ್ಕೆ ತಿಪ್ಪಕ್ಕ ಅಂದು ಬೆಳಿಗ್ಗೆಯೇ ಒಲೆಯ ಕೆಲಸ ಮುಗಿಸಿ, ಬಿಪಿ ಮಾತ್ರೆಗೆ ಸಾಲು ಹಿಡಿಯಲು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದಳು. ವಾಪಸ್ಸು ಬರುವುದು ಹತ್ತಕ್ಕೆ. ಎರಡನೆಯ ಶನಿವಾರ, ಶಾಲೆಗೆ ರಜೆ. ಉಷಾಳ ಪಾಳಿಯೂ ಹತ್ತಕ್ಕೇ. ಮಗಳನ್ನು ತಿಪ್ಪಕ್ಕನ ಕೈಗೆ ಕೊಡುವ ಮೊದಲು ಆ ಆಟೋದ ಬಾಯಿ ಮುಚ್ಚಿಸಬೇಕಿತ್ತು.

ನೈಟಿಯ ಮೇಲೊಂದು ಟವೆಲ್ಲು ಹೊದ್ದು, ಮಗಳ ಬಾಯಿ ತೊಳೆಸಿ, ಕೈಹಿಡಿದು ಹೊರಟಳು. ಪಕ್ಕದ ಮನೆಯ ಶ್ರೀಲತಾ ಕೊಡ ಹಿಡಿದೇ ಅಡ್ಡ ಬಂದು, ನಿನ್ನ ದನಿ ಇದ್ದಂಗಿತ್ತು, ಎಲ್ಲಿಗೆ ಹೊಂಟಿ, ನೈಟಿಯಾಗ ಯಾಕ ಹೊಂಟಿ, ಗಂಡ ಫೋನ್ ಮಾಡಿದ್ದನೇನು ಎಂದು ಸಾಲಾಗಿ ವಿಚಾರಿಸಿದಳು. ಕೊನೆಗೆ, ಕಣ್ಣಿನ ಶಿಬಿರ ಯಾವತ್ತಂತೆ ಎಂದೂ ಕೇಳಿದಳು. ಉಷಾ ಯಾವುದಕ್ಕೂ ನಿಲ್ಲಲಿಲ್ಲ.

ಭೀಮೇಶ ಆಗಷ್ಟೇ ಶಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದ. ವಿಷಯ ಕೇಳಿ ಮೊದಲು ನಕ್ಕ, ಅವಳ ಮುಖ ನೋಡಿ ನಿಲ್ಲಿಸಿದ. ಪ್ರಕಟಣೆಗೆ ಮೊದಲಿನ ಮಾತು ಕತ್ತರಿಸುವುದು ಮರೆತದ್ದು ತನ್ನದೇ ತಪ್ಪು ಎಂದು ಒಪ್ಪಿಕೊಂಡ. ಆದರೆ ಅಷ್ಟು ಮೆಲ್ಲಗೆ ಆಡಿದ್ದು ಇಷ್ಟು ಜೋರಾಗಿದ್ದು ಹೇಗೆ ಎಂದು ಕೇಳಿದಾಗ ಅವನ ಎದೆ ಸ್ವಲ್ಪ ಉಬ್ಬಿತು.

"ಅದು ಕಂಪ್ರೆಸರ್ ಉಷಕ್ಕ. ನೀವು ರೊಟ್ಟಿ ತಟ್ಟಂಗಿಲ್ಲೇನ್ರಿ? ಉಬ್ಬಿದ್ದನ್ನ ತಟ್ಟಿ ತಗ್ಗಸ್ತೀರಿ, ಎಲ್ಲಾ ಕಡೆ ಒಂದೇ ಸಮ ಮಾಡ್ತೀರಿ. ದನಿನೂ ಹಂಗೇ. ಜೋರಿದ್ದದ್ದು ತಗ್ಗತೈತಿ, ಮೆತ್ತಗಿದ್ದದ್ದು ಅದರ ಸಮಕ್ಕ ಬರತೈತಿ. ಆಮ್ಯಾಲೆ ಇಡೀ ರೊಟ್ಟಿನ ಅಟ್ಟದ ಮ್ಯಾಲೆ ಎತ್ತಿ ಇಡಾದು, ಅಂದ್ರ ಪೂರಾ ದನಿನ ಒಟ್ಟಿಗೆ ಏರಸಾದು, ಅಷ್ಟೇ."

ರೇಡಿಯೋದವರು, ಹಾಡು ಮಾಡುವವರು ಎಲ್ಲ ಹೀಗೇ ಮಾಡುತ್ತಾರಂತೆ. ಒಬ್ಬನ ಹಾಡು ಗಟ್ಟಿಯಾದರೆ ಇನ್ನೊಬ್ಬನದು ಸಪ್ಪೆ ಅನ್ನಿಸುತ್ತದೆ, ಅದಕ್ಕೆ ಅವನೂ ಏರಿಸುತ್ತಾನೆ. ಬಸ್ ಸ್ಟ್ಯಾಂಡಿನ ಹತ್ತಿರ ಸೀರೆ ಸೇಲಿನ ಆಟೋ ಒಂದು ವಾರದಿಂದ ಬಡಕೊಳ್ಳುತ್ತಿದೆ, ಅದರ ಮುಂದೆ ತನ್ನ ಶಿಬಿರ ಕೇಳಿಸಬೇಕಲ್ಲ ಎಂದು ಭೀಮೇಶ ಸಮರ್ಥಿಸಿಕೊಂಡ. ಉಷಾಳ ತಲೆಯಲ್ಲಿ ನಿಂತಿದ್ದು ಒಂದೇ. ಮನೆಯಲ್ಲಿ ಅವಳು ದಿನವೂ ತಗ್ಗಿಸಿಕೊಂಡು ಬಂದದ್ದನ್ನೆಲ್ಲ ಎತ್ತಿ ಅಟ್ಟದ ಮೇಲಿಡುವ ಯಂತ್ರವೂ ಇದೆ.

ಆಟೋ ಓಡಿಸುವ ಮಾರೇಶನಿಗೆ ಭೀಮೇಶ ನಾಲ್ಕು ಸಲ ಫೋನ್ ಹಚ್ಚಿದ. ಎರಡು ಹಾರ್ನುಗಳ ಕೆಳಗೆ ಕೂತವನಿಗೆ ಫೋನು ಹೇಗೆ ಕೇಳಬೇಕು. ಕೊನೆಗೆ ಕಂಪ್ಯೂಟರಿನಲ್ಲಿ ಆ ಮಾತು ಕತ್ತರಿಸಿ, ಹೊಸ ಪೆನ್‌ಡ್ರೈವ್ ಅವಳ ಅಂಗೈಗೆ ಹಾಕಿ, ಅಂಗಡಿ ಬಿಟ್ಟು ಬರಲಾರೆ, ದನಿ ಹಿಡಿದು ಹೋದರೆ ಸಿಗುತ್ತಾನೆ ಎಂದ.

ದನಿ ಹಿಡಿದು ಹೋಗುವುದು ಬೇರೆ ಊರಿನಲ್ಲಾದರೆ ಸರಿ. ಇಲ್ಲಿ ದನಿ ಮೊದಲು ಊರಿಗೆ ಅಂಟಿಕೊಂಡ ಕೋಟೆ ಬೆಟ್ಟಕ್ಕೆ ಹೋಗಿ ಬಡಿದು, ಅಲ್ಲಿಂದ ತನಗೆ ಬೇಕಾದ ಬೀದಿಗೆ ಇಳಿಯುತ್ತದೆ. ಕೋಟೆಯ ಕಡೆ ಕೇಳಿತೆಂದು ಮೇಲೆ ಹತ್ತಿದರೆ ಅದು ಬಳ್ಳಾರಿ ರಸ್ತೆಯಲ್ಲಿತ್ತು. ಬಳ್ಳಾರಿ ರಸ್ತೆಗೆ ಬಂದರೆ ಹಿಂದಿನಿಂದ, "ಬಿಸಿನೀರಿಗೆ ಅರಿಶಿನ" ಎಂದಿತು. ಉಷಾ ತನ್ನದೇ ಮಾತಿನ ಹಿಂದೆ, ಕಟ್ಟು ಬಿಚ್ಚಿಕೊಂಡು ಹೋದ ಎಮ್ಮೆಯನ್ನು ಹುಡುಕುವವಳ ಹಾಗೆ ಓಡಾಡಿದಳು.

ದಾರಿಯಲ್ಲಿ ಸಿಕ್ಕವರನ್ನೆಲ್ಲ ಆಟೋ ಯಾವ ಕಡೆ ಹೋಯಿತೆಂದು ಕೇಳುತ್ತಿದ್ದಳು. ಕೇಳುವಾಗ ಅವರ ಮುಖ ನೋಡಲು ಹೆದರಿಕೆ. ಆದರೆ ವಿಚಿತ್ರವೆಂದರೆ ಯಾರ ಮುಖದಲ್ಲೂ ಸಾರು ಇರಲಿಲ್ಲ. ಒಬ್ಬ ಅಜ್ಜ ಬೆರಳಿನಿಂದ ಕಿವಿ ತಿರುವಿಕೊಳ್ಳುತ್ತ, "ಕುರಿಗೆ ಸೂಜಿ ಯಾವತ್ತಂತ ಹೇಳಿದ್ರಮ್ಮ?" ಎಂದು ಕೇಳಿದ. ಹೂವಿನವಳು ಅದು ಸೀರೆ ಸೇಲಿನದೇ ಎಂದು ಬಾಜಿ ಕಟ್ಟಿದಳು. ಮಾತೆಲ್ಲ ಒಂದೇ ಸಮ ಗಟ್ಟಿಯಾಗಿ ಬಡಿಯುತ್ತಿದ್ದರಿಂದ ಜನ ಅದನ್ನು ಗಿರಣಿಯ ಸದ್ದಿನ ಹಾಗೆ ಪಕ್ಕಕ್ಕಿಟ್ಟು ತಮ್ಮ ಕೆಲಸ ನೋಡಿಕೊಂಡಿದ್ದರು. ಶಿಬಿರ ಕಿವಿಯದು ಎಂದು ಒಬ್ಬರಿಗೂ ತಿಳಿದಿರಲಿಲ್ಲ.

ಉಷಾಳ ನಡಿಗೆ ಸ್ವಲ್ಪ ನಿಧಾನವಾಯಿತು. ಹಾಗಾದರೆ ತಿಪ್ಪಕ್ಕನಿಗೂ ಕೇಳಿಸಿರಲಾರದು. ಹೆದರಿಕೆ ಇಳಿದ ಜಾಗಕ್ಕೆ ಬೇರೊಂದು ಬಂದು ಕೂತಿತು. ತಿಪ್ಪಕ್ಕ ದಿನಕ್ಕೆ ಹಾಕುವುದು ಒಂದು ಹಿಡಿ ಬೇಳೆ, ತನ್ನೊಬ್ಬಳ ಲೆಕ್ಕದ್ದು. ಉಷಾ ಕೆಲಸಕ್ಕೆ ಸೇರಿದ ಮೇಲೆ ಬೆಳಿಗ್ಗೆ ಇವಳಿಗೆ ಒಲೆ ಹಚ್ಚಲು ಹೊತ್ತಾಗುತ್ತದೆಂದು ಈ ಮನೆಗೂ ಡಬ್ಬಿ ತುಂಬಿಸತೊಡಗಿದ್ದಳು. ಹಿಡಿ ಅದೇ ಉಳಿಯಿತು, ನೀರು ಮೂರು ಪಾಲಾಯಿತು. ಆ ಮೂರರಲ್ಲಿ ಎರಡು ಪಾಲು ತಮ್ಮವೇ.

"ಅಮ್ಮಾ, ಈಗ ಕೇಳ್ಲಾ?"

"ಸುಮ್ಕ ನಡಿ, ಮನಿಗೆ ಹೋಗಿ ಕೇಳುವಂತಿ."

ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಗುಮ್ಮಘಟ್ಟದ ಕಡೆಯ ಊರುಗಳಿಗೆ ಹೋಗುವ ಶೇರ್ ಆಟೋಗಳ ಸಾಲಿದೆ. ವಿದ್ಯಾಶ್ರೀ ಅದನ್ನು ಕತ್ತು ತಿರುಗಿಸಿ ನೋಡುತ್ತ ಹಿಂದೆ ಬಿದ್ದಳು. ಎಳೆದುಕೊಂಡು ಮುಂದೆ ಬಂದರೆ, ಓಬಣ್ಣನ ಟೀ ಅಂಗಡಿ, ಅದರ ಮುಂದೆ ಮಾರೇಶನ ಆಟೋ, ಆಟೋದ ಹಾರ್ನುಗಳ ಬಾಯಿ ನೇರ ಸರ್ಕಾರಿ ಆಸ್ಪತ್ರೆಯ ಗೇಟಿಗೆ. ಗೇಟಿನೊಳಗೆ ಮಾತ್ರೆಯ ಸಾಲು. ಸಾಲಿನಲ್ಲಿದ್ದವರೆಲ್ಲ ಸೆರಗಿನಿಂದಲೋ ಚೀಟಿಯಿಂದಲೋ ಕಿವಿ ಮುಚ್ಚಿಕೊಂಡು, ಯಾರನ್ನೋ ಬೇಡಿಕೊಳ್ಳುವವರಂತೆ ನಿಂತಿದ್ದರು. ತಿಪ್ಪಕ್ಕನ ಹಸಿರು ಸೀರೆ ಆ ಸಾಲಿನ ನಡುವೆ ಕಂಡಿತು.

ಮಾರೇಶ ಎರಡೂ ಕಿವಿಗೆ ಹತ್ತಿ ತುಂಬಿಕೊಂಡು ನೆಮ್ಮದಿಯಾಗಿ ಟೀ ಕುಡಿಯುತ್ತಿದ್ದ. ಊರಿಗೆಲ್ಲ ಹಂಚುತ್ತಿದ್ದ ಮಾತಿನಲ್ಲಿ ಅವನಿಗೆ ಒಂದಕ್ಷರವೂ ಗೊತ್ತಿರಲಿಲ್ಲ. ಉಷಾ ಕೈ ಆಡಿಸಿದಳು, ಪೆನ್‌ಡ್ರೈವ್ ತೋರಿಸಿದಳು. ಅವನು ನಕ್ಕು ಇನ್ನೊಂದು ಟೀ ಹೇಳಿದ. ಓಬಣ್ಣ ನಡುವೆ ಬಂದು ಇವರಿಗೆ ಸಕ್ಕರೆ ಬೇಡವಂತೆ ಎಂದು ಸನ್ನೆ ಮಾಡಿದ. ಹಾರ್ನು, ಶಿಬಿರ ಮುಗಿಸಿ ಮತ್ತೆ, ಬೆಳಿಗ್ಗೆ ಏನು ತಿಂದೆ ಎಂದು ಶುರು ಮಾಡಿತು. ಉಷಾಳಿಗೆ ತಡೆಯಲಾಗಲಿಲ್ಲ. ಮಾರೇಶನ ಕಿವಿಯ ಹತ್ತಿ ಕಿತ್ತು, ಹುಟ್ಟಿದಾಗಿನಿಂದ ಬಳಸದ ದನಿಯಲ್ಲಿ, ಅವನ ಹಾರ್ನು ಏನು ಒದರುತ್ತಿದೆ ಎಂದು ಕೂಗಿದಳು. ಅದೇ ಕ್ಷಣಕ್ಕೆ ಅವನಿಗೆ ಪೆನ್‌ಡ್ರೈವಿನ ಅರ್ಥ ಹೊಳೆದು, ಕೈಚಾಚಿ ಹಳೆಯದನ್ನು ಎಳೆದುಬಿಟ್ಟ. ಹಾರ್ನು ನಿಂತಿತು, ಉಷಾಳ ಕೂಗು ನಿಲ್ಲಲಿಲ್ಲ.

"ತಿಪ್ಪಕ್ಕನ ಸಾರು..."

ಸೀರೆ ಸೇಲಿನ ಆಟೋ ಇನ್ನೂ ಬಂದಿರಲಿಲ್ಲ, ಇಡೀ ಬಸ್ ಸ್ಟ್ಯಾಂಡು ಸ್ತಬ್ಧವಾಗಿತ್ತು. ಬೆಳಿಗ್ಗೆಯಿಂದ ಒಂದು ಮಾತೂ ಕೇಳಿಸಿಕೊಳ್ಳದ ಜನ ಈಗ ಒಟ್ಟಿಗೆ ತಲೆಯೆತ್ತಿದರು. ಆಸ್ಪತ್ರೆಯ ಸಾಲು ಕಿವಿಯಿಂದ ಕೈ ತೆಗೆಯಿತು. ಉಷಾ ಉಳಿದ ಮಾತನ್ನು ಅಲ್ಲಿಗೇ ಬಿಟ್ಟಳು. ಅವಳು ಟವೆಲ್ಲನ್ನು ತಲೆಯ ಮೇಲೆಳೆದುಕೊಂಡು, ಮಗಳನ್ನು ಎತ್ತಿ ಸೊಂಟಕ್ಕಿಟ್ಟು, ತಿರುಗಿ ನೋಡದೆ ಮನೆಯ ದಾರಿ ಹಿಡಿದಳು.

ಹತ್ತಕ್ಕೆ ಐದು ನಿಮಿಷವಿದ್ದಾಗ ಎದುರು ಮನೆಯ ಬಾಗಿಲು ತೆರೆಯಿತು. ಸೀರೆ ಬದಲಿಸಿ, ಬ್ಯಾಗು ಹೆಗಲಿಗೆ ಹಾಕಿ ನಿಂತಿದ್ದ ಉಷಾ, ಮಗಳನ್ನು ಯೂನಿಟ್ಟಿಗೆ ಕರೆದೊಯ್ದರೆ ಮೇಸ್ತ್ರಿ ಏನೆನ್ನುತ್ತಾನೆ, ಕೆಲಸ ಬಿಟ್ಟರೆ ಗಂಡ ಏನೆನ್ನುತ್ತಾನೆ ಎಂದು ಯೋಚಿಸುತ್ತಿದ್ದಳು. ತಿಪ್ಪಕ್ಕ ಬಂದಳು. ಕೈಯಲ್ಲಿ ಡಬ್ಬಿ ಇರಲಿಲ್ಲ. ಎರಡೂ ಕೈಯಲ್ಲಿ ಬಟ್ಟೆ ಸುತ್ತಿ ಹಿಡಿದ ದೊಡ್ಡ ಪಾತ್ರೆಯಿತ್ತು.

"ಕೇಳಿದ್ಯೇನ ಉಷಾ? ನನ್ನ ಸಾರಿನ ಸುದ್ದಿ ಬಸ್ ಸ್ಟ್ಯಾಂಡ್ ಮಟ ಹೋಗೈತಿ," ಎಂದು ಪಾತ್ರೆ ಇಳಿಸಿದಳು. "ಮೈಕು ಬಂದ್ ಆಗಿದ್ದೇ ಆತು, ಯಾರೋ ಹೆಣ್ಮಗಳು ತಿಪ್ಪಕ್ಕನ ಸಾರು ಅಂತ ಕೂಗಿದ್ಲು ನೋಡು, ಮಾತ್ರಿ ಕೊಡಾಕಿ ಚೀಟಿ ನೋಡಿ, ನೀನೇ ಏನಮ್ಮ ತಿಪ್ಪಕ್ಕ ಅಂದ್ಲು. ಹೌದ್ರಿ, ನಾನೇ ಅಂದೆ. ಐವತ್ತು ವರ್ಷ ಮಾಡೀನಿ, ಒಬ್ರೂ ಬಾಯಿಬಿಟ್ಟು ಒಂದು ಒಳ್ಳೇ ಮಾತು ಅಂದಿದ್ದಿಲ್ಲ."

ಅವಳ ಕಣ್ಣಂಚು ಒದ್ದೆಯಾಗಿತ್ತು. ಉಷಾ ನೆಲ ನೋಡಿದಳು.

"ಇನ್ಮ್ಯಾಲೆ ರಾತ್ರಿಗೂ ನಂದೇ ಸಾರು. ನೀ ದಣದು ಬಂದು ಒಲಿ ಹಚ್ಚಬ್ಯಾಡ. ನೋಡು, ನೀರು ಹಾಕಿ ಹೆಚ್ಚು ಮಾಡೀನಿ, ಇವತ್ತು ರಾತ್ರಿಗೂ ಆಗತೈತಿ. ಒಂದು ಗುಟುಕು ಕುಡಿದು ಹೋಗು."

ಉಷಾ ಒಳಗಿನಿಂದ ಲೋಟ, ಸೌಟು ತಂದು, ಸಾರು ಬಿಟ್ಟುಕೊಂಡು ಕುಡಿದಳು. ಬಿಸಿಯಾಗಿತ್ತು, ಹಳದಿಯಾಗಿತ್ತು. ಸಾರಿನಡಿ, ಲೋಟದ ತಳದಲ್ಲಿ ಕೊರೆಸಿದ ಅವಳ ತವರಿನ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೂ ಅಂದು ಲೋಟ ಖಾಲಿ ಮಾಡಿಯೇ ಕೆಳಗಿಟ್ಟಳು.

"ರುಚಿಯಾಗೈತಿ ಅಕ್ಕ," ಎಂದಳು, ಮೈಕಿನ ಮುಂದೆ ಗೊಣಗಿದಷ್ಟೇ ಸಣ್ಣಗೆ. ಮಗಳನ್ನು ತಿಪ್ಪಕ್ಕನ ಕಡೆಗೆ ತಳ್ಳಿ, ಚಪ್ಪಲಿಗೆ ಕಾಲು ಹಾಕಿದಳು. ಮುಗಿಯಿತು ಎಂದುಕೊಂಡಳು.

ವಿದ್ಯಾಶ್ರೀ ಪಾತ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸೌಟನ್ನು ತಳದವರೆಗೆ ಇಳಿಸಿ ಮೂರು ಸುತ್ತು ತಿರುಗಿಸಿದಳು. ಎತ್ತಿ ನೋಡಿದಳು. ಮನೆಗೆ ಹೋಗಿ ಕೇಳು ಎಂದು ಅಮ್ಮನೇ ಹೇಳಿದ್ದಳು, ಈಗ ಮನೆಯಲ್ಲೇ ಇದ್ದರು. ಬೆಳಿಗ್ಗೆಯಿಂದ ಹಾರ್ನಿನ ಜೊತೆ ಪೈಪೋಟಿ ಮಾಡಿದ ಅದೇ ದನಿಯಲ್ಲಿ, ಬೀದಿ ತುದಿಯವರೆಗೆ ಕೇಳುವಂತೆ ಕೇಳಿದಳು.

"ಅಮ್ಮಾ, ಅಜ್ಜಿ ಸಾರಿನ ಬೇಳಿ ಹುಡುಕಾಕ ಗುಮ್ಮಘಟ್ಟದ ಆಟೋ ಯಾವಾಗ ಹತ್ತೋದು?"