ಅಕ್ಕನ ಬ್ಯಾನಿ, ಊರ ಮಂದಿಯ ಸೂಜಿ

ನಮ್ಮಕ್ಕನ ಹೊಟ್ಟೆನೋವಿನ ಬಗ್ಗೆ ಇನ್ನೂ ಬಾಯಿ ಹಾಕದೆ ಉಳಿದಿರುವುದು ನಮ್ಮೂರು ಕಮಲಾಪುರದ ಎಮ್ಮೆಗಳು ಮಾತ್ರ. ಉಳಿದವರೆಲ್ಲ ಡಾಕ್ಟರರೇ. ಕಾಯಿಲೆಯ ಹೆಸರು ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಗಿರಬೇಕಾದ ಪದರದಂಥದ್ದು ಹೊರಗೂ ಬೆಳೆದು ತಿಂಗಳು ತಿಂಗಳು ಕರುಳು ಹಿಂಡುತ್ತದೆ. ನಮ್ಮ ಓಣಿಯಲ್ಲಿ ಈ ಹೆಸರನ್ನು ತಡವರಿಸದೆ ಹೇಳುವ ಗಂಡಸು ನಾನೊಬ್ಬನೇ. ಬೇಕಾದರೆ ಪಂದ್ಯ ಕಟ್ಟಿ.

೧. ಹೆಸರು

ಅಕ್ಕ ತವರಿಗೆ ಬಂದಾಗ ನೋವು ಶುರುವಾಯಿತು. ಜೀಪಿನವನಿಗೆ ಫೋನ್ ಮಾಡಿ, "ಅಕ್ಕಗ ಬ್ಯಾನಿ ಎದ್ದಾವ, ಲಗೂ ಬಾ" ಅಂದೆ. ನಮ್ಮಲ್ಲಿ ಬ್ಯಾನಿ ಅಂದರೆ ನೋವೂ ಹೌದು, ಹೆರಿಗೆ ನೋವೂ ಹೌದು. ಆ ಪುಣ್ಯಾತ್ಮ ಜೀಪಿನಲ್ಲಿ ಸೂಲಗಿತ್ತಿಯನ್ನು ಕೂರಿಸಿಕೊಂಡು, ದಾರಿಗುಂಟ ಸುದ್ದಿ ಹಂಚಿಕೊಂಡು ಬಂದ. ಮಕ್ಕಳಾಗಲಿಲ್ಲವೆಂದು ಮೊದಲೇ ಮಾತು ಕೇಳುವ ಅಕ್ಕ ಹಲ್ಲು ಕಚ್ಚಿ ಜೀಪು ಹತ್ತಿದಳು. ನನಗೆ ಮೈಯೆಲ್ಲ ಉರಿ.

ಮರುದಿನ ಚಹಾದಂಗಡಿಯಲ್ಲಿ ಒಬ್ಬ ಹಿರಿಯ ಕೇಳಿದ: "ಏನಾತೋ ತಮ್ಮಾ ಅಕ್ಕಗ?"

"ಎಂಡೋಮೆಟ್ರಿಯೋಸಿಸ್ ರೀ."

"ಹೌದಾ? ಇಷ್ಟ ಲಗೂ ಹೆಸರೂ ಇಟ್ರೇನು?"

೨. ತಡಕೋಬೇಕು

ನಮ್ಮ ಕಾಕಾನದು ಒಂದೇ ಔಷಧಿ: "ಹೆಂಗಸ್ರಿಗೆ ಇರೋದ ಅದು. ತಡಕೋಬೇಕು." ಅಕ್ಕ ನೆಲದ ಮೇಲೆ ಮುದುಡಿ ಬಿದ್ದಾಗಲೂ ಅದೇ ಮಾತು.

ಒಮ್ಮೆ ಹೊಲದಲ್ಲಿ ಅವನ ಕಾಲಿಗೆ ಜಾಲಿಮುಳ್ಳು ನೆಟ್ಟಿತು. ಅವ್ವ ಪಿನ್ನು ಹಿಡಿದು ಹತ್ತಿರ ಬಂದಳಷ್ಟೇ, ಇನ್ನೂ ಮುಟ್ಟಿರಲಿಲ್ಲ. ಅವನ ಕೂಗಿಗೆ ಪಕ್ಕದ ಹೊಲದವರು ಹಾವು ಕಚ್ಚಿತೆಂದು ಬಡಿಗೆ ಹಿಡಿದು ಓಡಿ ಬಂದರು. ಅಂಥ ಸಂದರ್ಭ ಬಿಡುವವನು ನಾನಲ್ಲ. ಕಾಲು ಗಟ್ಟಿಯಾಗಿ ಹಿಡಿದು ಹೇಳಿದೆ:

"ಗಂಡಸ್ರಿಗೆ ಇರೋದ ಕಾಕಾ. ತಡಕೋ."

೩. ಜಾಗಾ

ಮಾತ್ರೆ ನಡೆದೇ ಇದ್ದವು. ಜೊತೆಗೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಅಕ್ಯುಪಂಕ್ಚರ್ ಶುರು ಮಾಡಿಸಿದೆ. "ರೋಗ ಹೋಗ್ತದ ಅನ್ನಂಗಿಲ್ಲ. ನೋವು ಕಮ್ಮಿ ಆಗಬಹುದು, ನೋಡೋಣು" ಎಂದರು ಡಾಕ್ಟರಮ್ಮ. ನಾಲ್ಕಾರು ಸಲ ಹೋದ ಮೇಲೆ ಅಕ್ಕ ಆ ದಿನಗಳಲ್ಲೂ ಎದ್ದು ಕೂತು ಉಣ್ಣತೊಡಗಿದಳು. ಅಷ್ಟೇ ಸಾಕು, ಶಹಾಬಜಾರದ ಅವಳ ಅತ್ತೆಗೆ ಹೊಟ್ಟೆನೋವು ಶುರುವಾಯಿತು. "ಏನ್ ನಾಟಕ ಅದನೋ ನೋಡಿ, ಇವತ್ತ ಬಂದ್ ಮಾಡಸ್ತೀನಿ" ಎಂದು ನಮ್ಮ ಜೊತೆಗೇ ಹೊರಟು ಬಂದಳು.

ಅಕ್ಕ ಮಂಚದ ಮೇಲೆ, ಕಾಲಿಗೆ, ಕೈಗೆ, ಹೊಟ್ಟೆಗೆ ಕೂದಲೆಳೆಯಂಥ ಸೂಜಿ. ಅಲುಗಾಡುವಂತಿಲ್ಲ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇಷ್ಟೇ ಏನು? ಸೂಜಿ ಚುಚ್ಚಿಸ್ಕೊಳ್ಳಾಕ ಇಲ್ಲೀತನಕ ಯಾಕ ಬರಬೇಕಿತ್ತು? ಮನ್ಯಾಗ ನಾನೇ ಚುಚ್ಚತಿದ್ದೆ."

ನಾನು ಬಾಯಿ ತೆರೆದಿದ್ದೆ. ನನ್ನ ಬಾಯಿ ಎಂಥದ್ದೆಂದು ಊರಿಗೇ ಗೊತ್ತು. ಆದರೆ ಮದುವೆಯಾದಾಗಿನಿಂದ ಎದುರಾಡದ ಅಕ್ಕ, ಕಣ್ಣೂ ತೆರೆಯದೆ ಹೇಳಿದಳು:

"ನೀವೂ ಇಷ್ಟ ವರ್ಷದಿಂದ ಚುಚ್ಚಾಕತ್ತೀರಿ ಅತ್ತೀ. ಜಾಗಾ ತಪ್ಪಾಕತ್ತದ."

ಡಾಕ್ಟರಮ್ಮ ಗೋಡೆ ಕಡೆ ತಿರುಗಿ ನಿಂತರು. ಅತ್ತೆಯ ಬಾಯಿ ಬಂದ್. ಸೂಜಿ ಚಾಲೂ.